ವಚನಗಾಯನದ ರಸಿಕರು

ತಿಕೋಟಾದ ದ್ರಾಕ್ಷಿ ಬೆಳೆಗಾರರಾದ ಗೌಡರೂ ಬಬಲೇಶ್ವರದ ನಿವೃತ್ತ ಮಾಸ್ತರರೂ ವಿಜಯಪುರದ ಚಹಾದಂಗಡಿಯೊಂದರಲ್ಲಿ ಕುಳಿತು, ಮಲ್ಲಿಕಾರ್ಜುನ ಮನ್ಸೂರರ ಖಯಾಲಿಗೆ ಸಂದ ಕೀರ್ತಿಯು ಅವರ ವಚನಗಾಯನದ ಧ್ವನಿಮುದ್ರಿಕೆಗಳಿಗೆ ಸಲ್ಲದೇ ಹೋದ ಅನ್ಯಾಯವನ್ನು ಕುರಿತು ಶೋಕಿಸುತ್ತಿದ್ದರು.

“ಜಗತ್ತು ಕಿವುಡೈತ್ರಿ ಮಾಸ್ತರ! ಏನು ಸ್ವರ, ಏನು ಲಯ!”

“ಸ್ವರ ಇರಲಿ ಗೌಡ್ರ, ಸಾಹಿತ್ಯ? ಕುಲಭೇದವನ್ನ ಬೇರುಸಹಿತ ಕಿತ್ತವರ ಮಾತದು. ಇದೇ ಊರಾಗಿದ್ದ ಹಳಕಟ್ಟಿಯವರು ಓಲೆಗರಿ ಹುಡುಕಿ 1923ರಾಗ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸದಿದ್ದರ, ಹಾಡವರಿಗೆ ವಚನ ಎಲ್ಲಿಂದ ಬರತಿದ್ದವು?”

“ಖರೇ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನ ಕೊಟ್ಟದ್ದು ನೆನದರ ಈಗಲೂ ಕಣ್ಣು ತುಂಬತಾವ.”

ಉಭಯ ರಸಿಕರೂ ಕಲ್ಯಾಣದ ಆ ವಿವಾಹವನ್ನು (ಎಂಟುನೂರು ವರ್ಷಗಳಾಚೆಯಿಂದ ನೋಡಿದರೆ ಯಾವ ಕ್ರಾಂತಿ ತಾನೆ ರಮಣೀಯವಲ್ಲ?) ಮನಸಾರೆ ಕೊಂಡಾಡಿದ ತರುವಾಯ, ಮಾಸ್ತರರು ಗೌಡರ ಮಗಳಿಗೆ ಬಂದಿದ್ದ ಸಂಬಂಧದ ವಿಚಾರವನ್ನೆತ್ತಿದರು.

“ಹುಡುಗ ಎಂಜಿನಿಯರ್ ಅದಾನ, ಗುಣವಂತ. ನಮ್ಮವನ, ಆದರ ಒಳಪಂಗಡ ಬ್ಯಾರೆ. ಬ್ಯಾಡಂದೆ.”

“ಯೋಗ್ಯ ಮಾಡಿದ್ರಿ ಬಿಡ್ರಿ. ಆ ಬಸವಣ್ಣನ ವಚನ ಇನ್ನೊಮ್ಮೆ ಹಚ್ಚರಿ. ತಬಲಾ ಭಾಳ ಛಲೋ ಕೂಡೇತಿ.”