‘ಕಾಯ್ದೆ ಇದೆ’ ಅಂದ್ರು, ಕಾಯ್ದೆ

(ಬೆಂಗಳೂರಿನ ಒಂದು ಗಾಡಿ ಹೋಟೆಲು. ಬೈಟು ಕಾಫಿ. ಬೆಂಚಿನಡಿ ಒಂದು ಕಂದು ನಾಯಿ, ಎಡಗಿವಿಯ ತುದಿ ಇಲ್ಲ. ಬೆಂಚಿನ ಮೇಲಿರುವ ಇಬ್ಬರೂ ಕಾಲು ಕೆಳಗಿಟ್ಟಿಲ್ಲ.)

ಗುಂಡಣ್ಣ: ಏನ್ ಮೇಷ್ಟ್ರೇ, ಮೀನಖಂಡಕ್ಕೆ ಬ್ಯಾಂಡೇಜು?

ಮೇಷ್ಟ್ರು: ಕೆಳಗೆ ಮಲಗಿರೋ ಮಹಾನುಭಾವರ ಕೃಪೆ. ಪಾಲಿಕೆಗೆ ಹೋದೆ. ‘ಕಾಯ್ದೆ ಇದೆ’ ಅಂದ್ರು. ನಾನೂ ಕಾಯ್ದೆ, ಊಟದ ಹೊತ್ತಿನವರೆಗೂ.

ಗುಂಡಣ್ಣ: ಹಿಡ್ಕೊಂಡು ಹೋಗ್ಲಿಲ್ವಾ?

ಮೇಷ್ಟ್ರು: ಹೋದ್ರಪ್ಪ. ಸಂತಾನಹರಣ ಆಯ್ತು, ರೇಬೀಸ್ ಲಸಿಕೆ ಆಯ್ತು, ಗುರುತಿಗೆ ಕಿವಿ ಕತ್ತರಿಸಿದ್ದೂ ಆಯ್ತು. ತಂದು ನಮ್ಮ ಸ್ಕೂಲ್ ಗೇಟಿನ ಮುಂದೇನೇ ಇಳಿಸಿದ್ರು. 2023ರ ಎಬಿಸಿ ನಿಯಮ, ಅಂದ್ರೆ ಪ್ರಾಣಿ ಸಂತಾನ ನಿಯಂತ್ರಣದ್ದು: ಹಿಡಿದಲ್ಲೇ ಬಿಡಬೇಕು.

ಗುಂಡಣ್ಣ: ವರ್ಷಗಟ್ಟಲೆ ಎಬಿಸಿ ಕಲಿಸಿದೋರು, ನಿಮಗೇ ಗೊತ್ತಿರ್ಲಿಲ್ವಾ! ಅಲ್ಲ, ಶಾಲೆಯಲ್ಲಿ ಹಿಡಿದದ್ದನ್ನ ವಾಪಸ್ ಬಿಡ್ಬೇಡಿ ಅಂತ 2025ರ ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟೇ ಹೇಳ್ತಲ್ಲ?

ಮೇಷ್ಟ್ರು: ಅದನ್ನೇ ಅಂದೆ. ‘ಕಚ್ಚುವಾಗ ನಾಯಿ ಎಲ್ಲಿತ್ತು?’ ಅಂದ್ರು. ಬಾಯಿ ಗೇಟಿನ ಒಳಗೆ, ಬಾಲ ರಸ್ತೆ ಮೇಲೆ ಅಂದೆ. ಬಾಯಿಗೆ ಕೋರ್ಟ್ ಆದೇಶ, ಬಾಲಕ್ಕೆ ಎಬಿಸಿ ಅಂತ ಎರಡು ಫೈಲ್ ಮಾಡಿದ್ರು.

ಗುಂಡಣ್ಣ: ಊರಿನ ಬೈಲಾ ಅಂತ ಒಂದಿರುತ್ತಲ್ಲ?

ಮೇಷ್ಟ್ರು: 2001ರ ಎಬಿಸಿ ನಿಯಮದಲ್ಲೇ ಇತ್ತಂತೆ: ಬೈಲಾಗೂ ನಿಯಮಕ್ಕೂ ಜಗಳ ಬಂದ್ರೆ, ಪ್ರಾಣಿಗೆ ಯಾವುದರಿಂದ ಕಿರಿಕಿರಿ ಕಡಿಮೆಯೋ ಅದೇ ನಡೀಬೇಕು.

ಗುಂಡಣ್ಣ: ಪ್ರಾಣಿ ಅಂದ್ರೆ... ನೀವೂ ಸೇರ್ತೀರಾ?

ಮೇಷ್ಟ್ರು: ಕೇಳ್ದೆ. ಎದ್ದು ಬಂದು ನನ್ನ ಎಡಗಿವಿ ಮುಟ್ಟಿ ನೋಡಿದ್ರು.