ತಾತನಿಗೆ ಆಗಲ್ಲ

ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ಒಂದು ಉತ್ಸವ ಹೊರಡುತ್ತದೆ. ಉತ್ಸವಮೂರ್ತಿ ನನ್ನ ಎರಡೂವರೆ ವರ್ಷದ ಮೊಮ್ಮಗ, ಸೊಸೆಯ ಸೊಂಟದ ಮೇಲೆ ಆಸೀನ. ಹಿಂದೆ ಬಟ್ಟಲು ಹಿಡಿದ ನನ್ನಾಕೆ, ಅವಳ ಹಿಂದೆ ನೀರಿನ ಲೋಟದೊಂದಿಗೆ ಮಗ, ಕೊನೆಯಲ್ಲಿ ಕಾಗೆ ತೋರಿಸುವ ಕೈಂಕರ್ಯಕ್ಕೆ ನಾನು. ಗೇಟಿನಿಂದ ಹೊರಟ ಸವಾರಿ ಎದುರುಮನೆಯ ಬೆಕ್ಕಿನವರೆಗೆ ಹೋಗುತ್ತದೆ. ಕಾಗೆ ತುತ್ತು, ಗುಬ್ಬಿ ತುತ್ತು ಅಂತ ಸಕಲ ಜೀವರಾಶಿಯ ಹೆಸರಲ್ಲಿ ಅರ್ಚನೆ ಮುಗಿಸಿ ಮುಕ್ಕಾಲು ಗಂಟೆಯ ಮೇಲೆ ಲೆಕ್ಕ ಹಾಕಿದರೆ ಒಳಗೆ ಹೋದದ್ದು ಐದು ತುತ್ತು. ಅದರಲ್ಲೂ ಎರಡು ಕೆನ್ನೆಯ ಗೋದಾಮಿನಲ್ಲೇ ದಾಸ್ತಾನು. ಈ ಉತ್ಸವದಿಂದ ಮೈಕೈ ತುಂಬಿಕೊಂಡಿರುವುದು ಆ ಬೆಕ್ಕು ಮಾತ್ರ.

ಹುಡುಗನ ತಪಾಸಣೆ ಬಲು ಬಿಗಿ. ಉಪ್ಪಿಟ್ಟಿನಲ್ಲಿ ಅಡಗಿದ ಕರಿಬೇವಿನ ಚೂರನ್ನು ನಾಲಿಗೆ ತುದಿಯಲ್ಲೇ ಹಿಡಿದು ಆಚೆ ದಬ್ಬುತ್ತಾನೆ. ಹುರುಳಿಕಾಯಿ ಕಂಡರೆ ಬಾಯಿಗೆ ಬೀಗ. ಒಪ್ಪುವುದೆಲ್ಲ ಬಿಳಿಯದು: ಹಾಲು, ಒಗ್ಗರಣೆಯಿಲ್ಲದ ಮೊಸರನ್ನ, ಅಂಚು ಕಿತ್ತ ದೋಸೆ. ಬಿಸ್ಕತ್ತಿಗೆ ಮಾತ್ರ ಬಣ್ಣಭೇದವಿಲ್ಲ.

ಇದಕ್ಕೆ ಮನೆಯಲ್ಲಿಟ್ಟ ಹೆಸರು ‘ಹಠ’. ನಾನು ನಲವತ್ತು ವರ್ಷದಿಂದ ಬದನೆಕಾಯಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಾ ಬಂದಿದ್ದೇನಲ್ಲ, ಅದಕ್ಕೆ ಬೇರೆ ಹೆಸರಿದೆ: ‘ಅವರಿಗೆ ಆಗಲ್ಲ.’ ಮೀಸೆ ಬಂದ ಮೇಲೆ ಹಠಕ್ಕೆ ಬಹುವಚನ ಸಿಗುತ್ತದೆ.

ಬಂದವರೆಲ್ಲ ‘ಅಯ್ಯೋ, ಮಗು ಸೊರಗಿಹೋಗಿದೆ’ ಅಂದರು. ದೃಷ್ಟಿ ತೆಗೆದದ್ದಾಯಿತು. ಮೆಣಸಿನಕಾಯಿ ಘಾಟಿಗೆ ನಾವೆಲ್ಲ ಕೆಮ್ಮಿದೆವು, ಅವನು ಬಿಸ್ಕತ್ತು ತಿಂದ. ಕೊನೆಗೆ ಟಾನಿಕ್ಕು ಬರೆಸಿಕೊಳ್ಳೋಣ ಅಂತ ಇಡೀ ಮೆರವಣಿಗೆ ಡಾಕ್ಟರಮ್ಮನ ಬಳಿ ಹೋಯಿತು.

ನನ್ನಾಕೆ ತಾಯಿ ಕಾರ್ಡ್ ಬಿಚ್ಚಿ ವಾದ ಮಂಡಿಸಿದಳು: “ಹುಟ್ಟಿದಾಗ 3 ಕೆಜಿ, ಮೊದಲ ಹುಟ್ಟುಹಬ್ಬಕ್ಕೆ 9. ಎರಡನೇದಕ್ಕೆ ಬರೀ ಹನ್ನೊಂದೂವರೆ! ಬೆಳವಣಿಗೆ ನಿಂತೇಹೋಯ್ತಲ್ಲಮ್ಮ?”

ಡಾಕ್ಟರಮ್ಮ ನಕ್ಕರು. “ವರ್ಷಕ್ಕೆ ಮೂರು ಪಟ್ಟಾಗುತ್ತಲೇ ಹೋಗಿದ್ದರೆ ಎರಡಕ್ಕೆ 27, ಮೂರಕ್ಕೆ 81 ಕೆಜಿ ಆಗ್ತಿದ್ದ. ಸೊಂಟದ ಮೇಲೆ ಎತ್ಕೊಳ್ತಿದ್ರಾ?” ಮೊದಲ ವರ್ಷದ ಓಟ ಮುಗಿದ ಮೇಲೆ ಮಗು ವರ್ಷಕ್ಕೆ ಎರಡು, ಎರಡೂವರೆ ಕೆಜಿಯಷ್ಟೇ ಏರುತ್ತದಂತೆ. ಬೆಳವಣಿಗೆ ನಿಧಾನವಾದರೆ ಹಸಿವೂ ನಿಧಾನ. ಎರಡರಿಂದ ಆರರವರೆಗೆ ಹೊಸ ತಿನಿಸು ಕಂಡರೆ ಅನುಮಾನಪಡುವುದೂ ವಯೋಧರ್ಮವೇ. ಕಾರ್ಡಿನ ಗೆರೆ ತನ್ನ ಪಾಡಿಗೆ ಮೇಲೇರುತ್ತಿದ್ದರೆ ತುತ್ತು ಎಣಿಸಬೇಡಿ ಅಂದರು.

ಸದ್ಯ, ಬದುಕಿದೆವೆಂದು ನಾವು ಏಳುವಷ್ಟರಲ್ಲಿ, “ಹಾಲು ಎಷ್ಟು ಕೊಡ್ತೀರಿ?” ಅಂದರು. “ಏನೂ ತಿನ್ನಲ್ವಲ್ಲ, ಅದಕ್ಕೇ ಒಂದು ಲೀಟರು,” ಅಂದಳು ಸೊಸೆ. “ಗೋಡೆ, ಮಣ್ಣು ನೆಕ್ತಾನಾ?” ನಡುಮನೆ ಗೋಡೆಯ ಒಂದು ಮೂಲೆ ಮಾತ್ರ ಯಾಕೆ ಸುಣ್ಣ ಬಿಟ್ಟಿದೆ ಅಂತ ನಮಗೆ ಆಗ ಹೊಳೆಯಿತು. ಅದು ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದದ್ದರ ಸೂಚನೆಯಿರಬಹುದಂತೆ. ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ ತುಂಬ ಹಾಲಿದ್ದರೆ ಊಟಕ್ಕೆ ಜಾಗವಿಲ್ಲ, ಊಟವಿಲ್ಲದೆ ರಕ್ತ ಕಡಿಮೆ, ರಕ್ತ ಕಡಿಮೆಯಾದರೆ ಹಸಿವೂ ಕಡಿಮೆ, ಹಸಿವಿಲ್ಲವೆಂದು ಮತ್ತೆ ಹಾಲು. ಗಾಣದೆತ್ತಿನ ಸುತ್ತು. ರಕ್ತಪರೀಕ್ಷೆ ಆಯಿತು, ಕಬ್ಬಿಣದ ಔಷಧಿ ಬಂತು, ಹಾಲು ಅರ್ಧ ಲೀಟರಿಗಿಳಿಯಿತು. ಗೆರೆ ಕೆಳಗಿಳಿದರೆ, ಮಗು ಮಂಕಾಗಿ ಬಿಳಿಚಿಕೊಂಡರೆ, ನುಂಗುವಾಗಲೆಲ್ಲ ಒದ್ದಾಡಿದರೆ ಮಾತ್ರ ಅದು ಹಠವಲ್ಲ, ತಕ್ಷಣ ಕರೆದುಕೊಂಡು ಬನ್ನಿ ಅಂದರು.

“ಏನು, ಯಾವಾಗ, ಎಲ್ಲಿ ಬಡಿಸಬೇಕು ಅನ್ನೋದು ನಿಮ್ಮ ಖಾತೆ. ಎಷ್ಟು ತಿನ್ನಬೇಕು ಅನ್ನೋದು ಅವನ ಖಾತೆ. ಒಬ್ಬರ ಖಾತೆಯಲ್ಲಿ ಇನ್ನೊಬ್ಬರು ಕೈಯಾಡಿಸಬೇಡಿ. ಹೊಸ ತರಕಾರಿ ಎಂಟರಿಂದ ಹದಿನೈದು ಸಲ ಬಡಿಸಿದರೂ ಬೇಜಾರಾಗಬೇಡಿ,” ಅಂತ ಕಳಿಸಿಕೊಟ್ಟರು. ಎರಡನೇ ಸಲಕ್ಕೇ ‘ಇವನಿಗೆ ಸೇರಲ್ಲ’ ಅಂತ ತೀರ್ಪು ಬರೆದವರು ನಾವು!

ತಿನ್ನುವ ಖಾತೆಯನ್ನು ಮಕ್ಕಳಿಗೇ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಅಮೆರಿಕದ ಕ್ಲಾರಾ ಡೇವಿಸ್ ಎಂಬ ವೈದ್ಯೆ ಸುಮಾರು ನೂರು ವರ್ಷದ ಹಿಂದೆಯೇ ನೋಡಿದ್ದರು. ಹಾಲು ಬಿಟ್ಟ 15 ಕೂಸುಗಳ ಮುಂದೆ 34 ಬಗೆಯ ಆಹಾರದ ಪಟ್ಟಿಯಿಂದ ಬಟ್ಟಲುಗಳನ್ನಿಟ್ಟು, ದಾದಿಯರು ಪುಸಲಾಯಿಸಕೂಡದು ಅಂತ ಕಟ್ಟಪ್ಪಣೆ ಮಾಡಿದರು. ಒಂದು ಕೂಸು ಬೆಳಗಿನ ತಿಂಡಿಗೆ ಕಿತ್ತಳೆ ರಸದ ಜೊತೆ ಲಿವರ್ ತಿಂದಿತಂತೆ! ಆದರೂ ಎಲ್ಲವೂ ಚೆನ್ನಾಗಿಯೇ ಬೆಳೆದವು. ಗುಟ್ಟಿರುವುದು ಪಟ್ಟಿಯಲ್ಲಿ. ಆ 34ರಲ್ಲಿ ಸಕ್ಕರೆ, ಬಿಸ್ಕತ್ತು ಇರಲೇ ಇಲ್ಲ. ನಮ್ಮನೆ ಡಬ್ಬಿಯನ್ನು ತುಂಬುವವರು ಯಾರು ಅಂತ ನಾನು ಕೇಳಲಿಲ್ಲ. ತಿಂಗಳ ಸಾಮಾನು ತರುವವನು ನಾನೇ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಅವರಲ್ಲಿ ಬಹಳ ಮಂದಿಯ ಹಿಂದೆ ಬಟ್ಟಲು ಹಿಡಿದು ಓಡುವವರಿರಲಿ, ಬಟ್ಟಲಿಗೆ ಹಾಕುವುದಕ್ಕೇ ತತ್ವಾರ. ಇದು ನೆನಪಾದಾಗಲೆಲ್ಲ ನಮ್ಮ ಉತ್ಸವದ ಬಗ್ಗೆ ನನಗೇ ನಾಚಿಕೆಯಾಗುತ್ತದೆ.

ಕಳೆದ ವಾರ ನೆಂಟರ ಮದುವೆಗೆ ಹೋಗಿದ್ದೆವು. ಪಂಕ್ತಿಯಲ್ಲಿ ನಾವೆಲ್ಲ ಹೋಳಿಗೆಯಲ್ಲಿ ಮಗ್ನರಾಗಿ ಹುಡುಗನನ್ನು ಮರೆತೇಬಿಟ್ಟಿದ್ದೆವು. ತಿರುಗಿ ನೋಡುತ್ತೇನೆ, ಪಕ್ಕದೆಲೆಯ ಹುಡುಗಿಯನ್ನು ನೋಡಿಕೊಂಡು ಇವನೂ ಹುರುಳಿಕಾಯಿ ಪಲ್ಯ ಮುಕ್ಕುತ್ತಿದ್ದಾನೆ, ಕರಿಬೇವಿನ ಸಮೇತ! ಕಾಗೆ ಇಲ್ಲ, ಬೆಕ್ಕಿಲ್ಲ. ಎಲೆ ಚೊಕ್ಕಟ ಮಾಡಿ ನನ್ನೆಲೆ ನೋಡಿದ. ಅಂಚಿನಲ್ಲಿ ಬದನೆಕಾಯಿ ಗುಡ್ಡೆಯಾಗಿತ್ತು.

“ತಾತ, ತಿನ್ನು.”

“ತಾತನಿಗೆ ಆಗಲ್ಲ, ಪುಟ್ಟ.”

ಮಾರನೆಯ ಬೆಳಿಗ್ಗೆ ಉಪ್ಪಿಟ್ಟು ಬಂತು. ಹುಡುಗ ಅಳಲಿಲ್ಲ, ಓಡಲಿಲ್ಲ, ಬೀಗ ಹಾಕಲಿಲ್ಲ. ತಟ್ಟೆಯನ್ನು ಗಂಭೀರವಾಗಿ ಆಚೆ ತಳ್ಳಿ, “ನಂಗೆ ಆಗಲ್ಲ,” ಅಂದ.

ನನ್ನಾಕೆ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ರಾತ್ರಿ ನನ್ನ ತಟ್ಟೆಗೆ ಎಣ್ಣೆಗಾಯಿ ಬಿತ್ತು. “ಹದಿನೈದು ಸಲ ಬಡಿಸಬೇಕಂತೆ,” ಅಂದಳು. “ಇವತ್ತಿಗೆ ಒಂದು.”