ಅಂತರ್ದಹನ ಸಂಕಥನದಲ್ಲಿ ಎಂಜಿನ್ ಪಲ್ಲಟ ಹಾಗೂ ಸಿಸಿ ಮಿತಿಯ ತಾತ್ವಿಕ ನೆಲೆಗಳು: ರಾಮನಗರ ಸೀಮೆಯನ್ನು ಅನುಲಕ್ಷಿಸಿ

ಎಂಜಿನ್ ಪಲ್ಲಟವೆಂದರೆ ಒಂದು ವಾಹನದ ಚಾಸಿ ಎಂಬ ಆಕೃತಿಯೊಳಗೆ ಮತ್ತೊಂದು ವಾಹನದ ಎಂಜಿನ್ ಎಂಬ ಆಶಯವನ್ನು ಪ್ರತಿಷ್ಠಾಪಿಸುವ ಬಹುಆಯಾಮಿ, ಬಹುಮುಖಿ ಹಾಗೂ ಬಹುಮಟ್ಟಿಗೆ ಬೇನಾಮಿ ಪ್ರಕ್ರಿಯೆ. ಗ್ಯಾರೇಜಿನಲ್ಲಿ ಇದನ್ನು ‘ಬೇರೆ ಎಂಜಿನ್ ಕೂರ್ಸೋದು’ ಎನ್ನುತ್ತಾರೆ. ಅಷ್ಟು ಸುಲಭವಾಗಿ ಅರ್ಥವಾಗುವುದು ಸಂಶೋಧನೆಗೆ ಒಗ್ಗದ ಕಾರಣ ಮೊದಲನೆಯ ನಿರ್ವಚನವನ್ನೇ ಇಲ್ಲಿ ಅಂಗೀಕರಿಸಲಾಗಿದೆ.

ಪಲ್ಲಟಗಳನ್ನು ಧರ್ಮಶಾಸ್ತ್ರದ ಜಾಡಿನಲ್ಲಿ ಸ್ವಗೋತ್ರ, ಅನುಲೋಮ, ಪ್ರತಿಲೋಮ, ಸಂಕರ ಎಂದು ನಾಲ್ಕಾಗಿ ವಿಂಗಡಿಸಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದು ತಾಲ್ಲೂಕುಗಳೂ ನಾಲ್ಕೇ ಆಗಿರುವುದರಿಂದ ಈ ವಿಂಗಡಣೆ ವೈಜ್ಞಾನಿಕವೂ ಹೌದು. ಈಚೆಗೆ ಹಾರೋಹಳ್ಳಿಯೂ ತಾಲ್ಲೂಕಾಗಿರುವುದು ಸಿದ್ಧಾಂತಕ್ಕೆ ಅಡ್ಡ ಬರುವುದರಿಂದ ಅದನ್ನು ಗಣನೆಗೆ ತೆಗೆದುಕೊಂಡಿಲ್ಲ.

ಸ್ವಗೋತ್ರಕ್ಕೆ ಮಾರುತಿ ಮನೆತನವೇ ಮಾದರಿ. ಮಾರುತಿ 800ರದ್ದು 796 ಸಿಸಿ, ಝೆನ್‌ನದು 993, ಎಸ್ಟೀಮ್‌ನದು 1298, ಹಳೆಯ ಬಲೆನೋದ್ದು 1590. ಕಿರಿಯನ ಬಾನೆಟ್ಟಿನೊಳಗೆ ಹಿರಿಯನ ಎಂಜಿನ್ ಇಳಿಸುವುದು ರ‍್ಯಾಲಿ ಹುಚ್ಚಿನವರ ಬಹುಕಾಲದ ಕಸುಬು. ಶಾಸ್ತ್ರ ನಿಷೇಧಿಸಿದ ಸ್ವಗೋತ್ರವೇ ಗ್ಯಾರೇಜಿನಲ್ಲಿ ಸುಸೂತ್ರವಾಗಿ ಹೊಂದುವ ಸಂಬಂಧ ಎಂಬುದು ಪರಿಭಾವಿಸತಕ್ಕದ್ದು. ಹಾಗೆಂದು ಕೆಲಸ ಹಗುರವಲ್ಲ. ಚೈನ್ ಪುಲ್ಲಿಯಲ್ಲಿ ತೂಗುವ ಎಂಜಿನ್ ಕೆಳಗಿಳಿದಾಗ ಮೌಂಟಿಂಗ್ ತೂತು ಎರಡು ಬೆರಳಿನಷ್ಟು ಪಕ್ಕಕ್ಕಿರುತ್ತದೆ. ಪಟ್ಟಿ ಕತ್ತರಿಸಿ ವೆಲ್ಡಿಂಗ್ ಆಗಬೇಕು. ಡ್ರೈವ್ ಶಾಫ್ಟಿನ ಉದ್ದ ಹೊಂದಬೇಕು, ರೇಡಿಯೇಟರ್ ದೊಡ್ಡದಾಗಬೇಕು, ವೈರಿಂಗ್ ಪೂರ್ತಿ ಬಿಚ್ಚಿ ಕಟ್ಟಬೇಕು. ಎಲ್ಲ ಮುಗಿದ ಮೇಲೆ ಬಾನೆಟ್ ಮುಚ್ಚುವುದಿಲ್ಲ. ಈ ಮೇಸ್ತ್ರಿಗೆ ಡಾಕ್ಟರೇಟ್ ಕೊಡುವ ವಿಶ್ವವಿದ್ಯಾಲಯ ಇನ್ನೂ ಹುಟ್ಟಿಲ್ಲ.

ಪ್ರತಿಲೋಮವೆಂದರೆ ಪೆಟ್ರೋಲ್ ಅಂಬಾಸಿಡರ್‌ಗೋ ಜೀಪಿಗೋ ಮೆಟಡೋರ್‌ನ ಡೀಸೆಲ್ ಎಂಜಿನ್ ಕೂರಿಸುವುದು. ಇಲ್ಲಿ ವೇಗದ ಅಭೀಪ್ಸೆಗಿಂತ ಮೈಲೇಜಿನ ತಾತ್ವಿಕತೆ ಮುಖ್ಯ. ಅನುಲೋಮವೂ ಸಂಕರವೂ ಹೆಚ್ಚುಕಡಿಮೆ ಇದೇ ಆಗಿರುವುದರಿಂದ ವಿಂಗಡಣೆಯನ್ನು ಇಲ್ಲಿಗೆ ಕೈಬಿಡಲಾಗಿದೆ.

ಇನ್ನು ಸಿಸಿ. ಎಲ್ಲ ಸಿಲಿಂಡರ್‌ಗಳ ಪಿಸ್ಟನ್‌ಗಳು ಮೇಲಿಂದ ಕೆಳಕ್ಕೆ ಸರಿಯುವಾಗ ತೆರೆದುಕೊಳ್ಳುವ ಒಟ್ಟು ಜಾಗವೇ ಸಿಸಿ. ಅದು ಜಾಗದ ಅಳತೆ, ಶಕ್ತಿಯದಲ್ಲ. ಟರ್ಬೋ ಇಲ್ಲದ ಎಂಜಿನ್ ತಾನೇ ಗಾಳಿ ಎಳೆದುಕೊಳ್ಳುತ್ತದೆ. ಟರ್ಬೋ ಇದ್ದರೆ ಸೈಲೆನ್ಸರಿನತ್ತ ಹೊರಟ ಬಿಸಿ ಹೊಗೆಯೇ ಒಂದು ಚಕ್ರವನ್ನು ತಿರುಗಿಸಿ, ಇನ್ನೊಂದು ಚಕ್ರದಿಂದ ಅದೇ ಜಾಗಕ್ಕೆ ಹೆಚ್ಚು ಗಾಳಿಯನ್ನು ಒತ್ತುತ್ತದೆ. ಹೆಚ್ಚು ಗಾಳಿಗೆ ಹೆಚ್ಚು ಇಂಧನ, ಹೆಚ್ಚು ಶಕ್ತಿ. ಗೀರಿ ಅಳೆದ ಸೇರು ರಾಗಿಯೂ ಕುಕ್ಕಿ ತುಂಬಿದ ಸೇರು ರಾಗಿಯೂ ಸಂತೆಯಲ್ಲಿ ಒಂದೇ ಅಲ್ಲವೆಂದು ಮಾಗಡಿಯ ಯಾವ ರೈತನಿಗೂ ಗೊತ್ತು. ಮೋಟಾರು ಪಂದ್ಯಗಳ ಅಂತರರಾಷ್ಟ್ರೀಯ ಒಕ್ಕೂಟಕ್ಕೂ ಗೊತ್ತು. ಅದು ಟರ್ಬೋ ಪೆಟ್ರೋಲ್ ಎಂಜಿನ್ನಿನ ಸಿಸಿಯನ್ನು 1.7ರಿಂದ, ಡೀಸೆಲ್ ಆದರೆ 1.5ರಿಂದ ಗುಣಿಸಿ ವರ್ಗ ನಿರ್ಧರಿಸುತ್ತದೆ. 998 ಸಿಸಿಯ ಟರ್ಬೋ ಪೆಟ್ರೋಲ್ ಕಾರು ಪಂದ್ಯದ ಕಣದಲ್ಲಿ 1696 ದಾಟುತ್ತದೆ.

ತೆರಿಗೆಯ ಕಣದಲ್ಲಿ ಅದು 998 ಆಗಿಯೇ ಉಳಿಯುತ್ತದೆ. 2006ರ ಕೇಂದ್ರ ಬಜೆಟ್ 4000 ಮಿಲಿಮೀಟರ್ ಉದ್ದದೊಳಗಿನ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಕಾರನ್ನು ‘ಸಣ್ಣ ಕಾರು’ ಎಂದು ಸಾರಿ, ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. ಸ್ವಿಫ್ಟ್‌ನ 1298 ಸಿಸಿ ಪೆಟ್ರೋಲ್ ಎಂಜಿನ್ 2010ರಲ್ಲಿ 1197 ಆಯಿತು. 2012ರಲ್ಲಿ ಡಿಸೈರ್‌ನ ಡಿಕ್ಕಿಯನ್ನು ಗಿಡ್ಡ ಮಾಡಲಾಯಿತು. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಹುಟ್ಟಿದ ಅಣ್ಣ ತಮ್ಮಂದಿರಲ್ಲಿ ಉದ್ದನೆಯ ಎಟಿಯೋಸ್‌ಗೆ 1496, ಮೋಟು ಲಿವಾಗೆ 1197 ದಕ್ಕಿತು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಪರಿಷ್ಕಾರವಾದಾಗಲೂ ಅದೇ ಗೆರೆ: ಒಳಗಿದ್ದರೆ ಶೇ. 18, ಹೊರಗಿದ್ದರೆ 40. ಟರ್ಬೋ ಉಂಟೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ಸಿಸಿ ಮಿತಿಯ ಮಹಾಕಾವ್ಯ ನಡೆದದ್ದು ದೆಹಲಿಯಲ್ಲಿ, ಏಟು ಬಿದ್ದವರಲ್ಲಿ ಬಿಡದಿಯೂ ಒಂದು. 2015ರ ಡಿಸೆಂಬರ್ 16ರಂದು ಸುಪ್ರೀಂ ಕೋರ್ಟ್ ರಾಜಧಾನಿ ವಲಯದಲ್ಲಿ 2000 ಸಿಸಿ ಹಾಗೂ ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿ ತಡೆಯಿತು. ಬಿಡದಿಯ ಇನ್ನೋವಾದ್ದು 2494 ಸಿಸಿ ಟರ್ಬೋ ಡೀಸೆಲ್. ಮಹೀಂದ್ರಾದವರು ಒಂದೆರಡು ತಿಂಗಳೊಳಗೆ 2179 ಸಿಸಿ ಎಂಜಿನ್ನನ್ನು 1.99 ಲೀಟರಿಗೆ ಇಳಿಸಿ ತಂದರು. ಎಕ್ಸ್‌ಯುವಿ 500ರಲ್ಲಿ ಅಶ್ವಶಕ್ತಿ ಮೊದಲಿದ್ದ 140ರಲ್ಲೇ ನಿಂತಿತು. ಹೊಗೆಯ ಮೇಲೆ ಹೂಡಿದ ಯುದ್ಧದಲ್ಲಿ ಸೋತದ್ದು ಅಂಕಿ ಮಾತ್ರ. 2016ರ ಆಗಸ್ಟಿನಲ್ಲಿ ಶೇ. 1ರ ಪರಿಸರ ಶುಲ್ಕ ಕಟ್ಟಿಸಿಕೊಂಡು ನಿಷೇಧ ತೆರವಾಯಿತು. ಅದೇ ತಿಂಗಳು ಇನ್ನೋವಾ ಕ್ರಿಸ್ಟಾದ 2.7 ಲೀಟರ್ ಪೆಟ್ರೋಲ್ ಅವತಾರವೂ ಮಾರುಕಟ್ಟೆಗೆ ಇಳಿದಿತ್ತು.

ಪಲ್ಲಟದ ಮೇಲಿನ ಕಾನೂನು ಇದಕ್ಕಿಂತ ಬಿಗಿ. ಮೋಟಾರು ವಾಹನ ಕಾಯಿದೆ 1988ರ ಕಲಂ 52ರಂತೆ ಆರ್‌ಸಿಯಲ್ಲಿನ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸಕೂಡದು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಕಿಟ್‌ಗಳಿಗೆ ಷರತ್ತಿನ ವಿನಾಯಿತಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಾರ್ಪಾಡಿನ ಮೇಲಿನ ಈ ನಿರ್ಬಂಧವನ್ನೇ ಎತ್ತಿಹಿಡಿಯಿತು. ಅದೇ ವರ್ಷ ಸೇರಿದ 182ಎ ಪ್ರಕಾರ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎಂಜಿನ್ ನಂಬರ್ ತಾಳೆಯಾಗದಿದ್ದರೆ ಎಫ್‌ಸಿಗೆ ಹೋದವನು ಸಿಕ್ಕಿಬೀಳುತ್ತಾನೆ. ಲ್ಯಾಪ್‌ಟಾಪ್ ಜೋಡಿಸಿ ರೀಮ್ಯಾಪ್ ಮಾಡಿಸಿ ಟರ್ಬೋದ ಒತ್ತಡ ಏರಿಸಿಕೊಂಡವನ ನಂಬರೂ ಸಿಸಿಯೂ ಬಣ್ಣವೂ ಆರ್‌ಸಿಯಲ್ಲಿದ್ದಂತೆಯೇ ಇರುತ್ತವೆ. ಬ್ರೇಕಿಗೆ ಆರ್‌ಸಿಯಲ್ಲಿ ಅಂಕಣವೇ ಇಲ್ಲ.

ಅಂಥ ಕಾರು ಓಡುವುದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ರಸ್ತೆಯಲ್ಲಿ ಅದೇ ವರ್ಷ ಸತ್ತವರು ನೂರಕ್ಕೂ ಹೆಚ್ಚು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಹಾಕಿದರು. ನಿಧಾನದವರ ಜೀವ ಉಳಿಸಲೆಂದೇ ಇರಬಹುದು. ಆದರೆ ಜಮೀನು ಹೋದದ್ದೂ ನಿಧಾನದವರದೇ. ರೇಷ್ಮೆಗೂಡಿನ ಮೂಟೆ ಕಟ್ಟಿಕೊಂಡು ಮಾರುಕಟ್ಟೆಗೆ ಹೊರಟ ನೂರು ಸಿಸಿ ಬೈಕಿನವನಿಗೆ ಸಿಕ್ಕಿದ್ದು ಗುಂಡಿಬಿದ್ದ ಸರ್ವಿಸ್ ರಸ್ತೆ ಮತ್ತು ಕೆಳಸೇತುವೆ. 2022ರ ಆಗಸ್ಟ್ ಮಳೆಗೆ ರಾಮನಗರದ ಬಳಿ ಇಂಥದೊಂದು ಕೆಳಸೇತುವೆಯಲ್ಲಿ ಬಸ್ಸು ಕಾರುಗಳೇ ಮುಳುಗಿ ನಿಂತಿದ್ದವು. ಮೇಲೆ ನಡುರಾತ್ರಿ ಸೈಲೆನ್ಸರ್ ಕಿತ್ತ ಕಾರು ಗುಡುಗಿದರೆ ಕೆಳಗಿನ ಊರಿನ ಹಸುಗೂಸು ಕಿಟಾರನೆ ಎದ್ದು ಅಳುತ್ತದೆ. ಇದಕ್ಕೆ ‘ವೇಗದ ಸಂಕಥನ’ ಎಂದು ಹೆಸರಿಡುವವರಿಗೆ ನಾಚಿಕೆಯಾಗಬೇಕು.

ಪ್ರಬಂಧದ ಗಾಂಭೀರ್ಯಕ್ಕೆ ಮರಳುವುದಾದರೆ, ಎಲ್ಲ ಮಿತಿಗಳನ್ನೂ ಪಾಲಿಸುವ ವಾಹನವೊಂದು ಈ ಸೀಮೆಯಲ್ಲೇ ತಯಾರಾಗುತ್ತದೆ. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಕಾರಿನ ಉದ್ದ ಒಂದು ಗೇಣಿನೊಳಗೆ, ಸಿಸಿ ಸೊನ್ನೆ, 1.7ರಿಂದ ಗುಣಿಸಿದರೂ ಸೊನ್ನೆ. ಹೆದ್ದಾರಿ ಊರನ್ನು ಬಳಸಿ ಹೋದ ಮೇಲೆ ಹಳೆ ರಸ್ತೆಯ ಬೊಂಬೆ ಅಂಗಡಿಗಳ ವ್ಯಾಪಾರವೂ ಅದೇ ಅಂಕಿಯತ್ತ ಇಳಿಯಿತು.

ಕೊನೆಯದು ನಾಮಪಲ್ಲಟ, ಅಂದರೆ ಎಂಜಿನ್ ಮುಟ್ಟದೆ ಪ್ಲೇಟ್ ಮಾತ್ರ ಬದಲಿಸುವುದು. ಕ್ಲೋಸ್‌ಪೇಟೆ ರಾಮನಗರವಾಯಿತು, 2007ರಲ್ಲಿ ಜಿಲ್ಲೆಯಾಯಿತು, ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಒಪ್ಪಿತು. ಕಲಂ 52 ಜಿಲ್ಲೆಗಳಿಗೆ ಅನ್ವಯಿಸುವುದಿಲ್ಲ.